ಮೊದಲನೇ ಇಂಚು

ಫೆಬ್ರವರಿ ೩, ಸೋಮವಾರ

ಅತ್ತೆಯವರ ಕಾರು ನಡುರಸ್ತೆಯಲ್ಲಿ ಕೂತುಬಿಟ್ಟ ಕತೆಯನ್ನು ಮೊಟ್ಟಮೊದಲು ಹೇಳಿದವಳು ಹಾಲಿನವಳು, ಇವತ್ತು ಬೆಳಿಗ್ಗೆ, ನನ್ನ ಬಾಯಲ್ಲಿ ಇನ್ನೂ ಬ್ರಷ್ ಇರುವಾಗ. ಹಾಲು ಅಳೆಯುವುದನ್ನೂ ಮರೆತು ಹೇಳಿದಳು. ಸೇತುವೆಯ ತಿರುವಿನಲ್ಲಿ ಕಾರು ನಿಂತಿದೆಯಂತೆ. ಎಂಜಿನ್ನು ಅರಚುತ್ತಲೇ ಇದೆಯಂತೆ, ಚಕ್ರ ಮಾತ್ರ ಅಲ್ಲಾಡುತ್ತಿಲ್ಲವಂತೆ. ಹಿಂದೆ ರಸ್ತೆಯುದ್ದಕ್ಕೂ ಕೆಂಪಗೆ ಹರಿದಿದೆಯಂತೆ.

"ನಿಮ್ಮ ಕಾರು ರಕ್ತ ಕಾರ್ಕೊಂಡಿದೆ" ಅಂದಳು.

ಓಡಿದೆ. ರಕ್ತವಲ್ಲ, ಗೇರ್‌ಬಾಕ್ಸಿನ ಎಣ್ಣೆ. ಆಟೊಮ್ಯಾಟಿಕ್ ಗಾಡಿಗಳಿಗೆ ಹಾಕುವುದು ಕೆಂಪು ಎಣ್ಣೆಯಂತೆ. ಅತ್ತೆಯವರು ಸ್ಟೀರಿಂಗ್ ಹಿಡಿದು ನೆಟ್ಟಗೆ ಕೂತಿದ್ದರು. ಪಕ್ಕದ ಸೀಟಿನಲ್ಲಿ ಎಂದಿನಂತೆ ಅವರ ಹೊಲಿಗೆ ಮೆಷಿನ್ನು ಬೆಲ್ಟು ಹಾಕಿಕೊಂಡು ಕೂತಿತ್ತು. ಆ ಸೀಟು ಮೆಷಿನ್ನಿನದು. ಕಾರಿನಲ್ಲಿ ಹೋಗುವ ಪ್ರಸಂಗ ಬಂದಾಗಲೆಲ್ಲ ನಾನು ಹಿಂದೆ, ಪರದೆ ಬಟ್ಟೆಯ ಸುರುಳಿಗಳ ನಡುವೆ.

ನಾನು ಈ ಮನೆಯ ಅಳಿಯನಾಗಿ ಬಂದು ಒಂದು ವರ್ಷವಾಯಿತು. ಅತ್ತೆಯವರು ಇನ್ನೂ ನನ್ನ ಜೊತೆ ನೇರವಾಗಿ ಮಾತಾಡಿಲ್ಲ. ಜಗಳವೇನಿಲ್ಲ. ನೀವು ಅಂದರೆ ದೂರವಾಗುತ್ತದೆ, ನೀನು ಅಂದರೆ ಸಲಿಗೆಯಾಗುತ್ತದೆ, ಎರಡೂ ಬೇಡವೆಂದು ಹೇಳುವುದನ್ನೆಲ್ಲ ಬೆಕ್ಕಿಗೆ ಹೇಳುತ್ತಾರೆ. "ಕೇಳಿಸ್ತೇನೇ, ಊಟ ಆರ್ತಾ ಇದೆ" ಅಂದರೆ ನಾನು ಎದ್ದು ಹೋಗಬೇಕು. ಬೆಕ್ಕೂ ಬರುತ್ತದೆ.

ಇವತ್ತು ಸೇತುವೆಯ ಹತ್ತಿರ ಬೆಕ್ಕು ಇರಲಿಲ್ಲ. ಹಾರ್ನಿಗೆ ಹೇಳಿದರು: "ತಳ್ಳೋಕೆ ಬಂದಿದ್ರೆ ಹಿಂದೆ ಹೋಗಬಹುದು."

ತಳ್ಳಿದೆ. ಸೊಂಟ ಹಿಡಿದುಕೊಂಡಿದೆ.

ಫೆಬ್ರವರಿ ೪, ಮಂಗಳವಾರ

ಮೆಕ್ಯಾನಿಕ್ಕು ಮನೆಗೇ ಬಂದು ಶೆಡ್ಡಿನಲ್ಲಿ ಕಾರಿನ ಕೆಳಗೆ ಮಲಗಿದ. ಒಳಗಿಂದ ಬರೀ "ಅಯ್ಯಯ್ಯೋ" ಕೇಳುತ್ತಿತ್ತು. ಸಂಜೆಗೆ ಗೇರ್‌ಬಾಕ್ಸನ್ನು ಇಳಿಸಿ ನೆಲದ ಮೇಲೆ ಉರುಳಿಸಿದ. ಕವಚವೇ ಸೀಳಿದೆ, ರಿಪೇರಿಗೆ ಬರುವಂಥದ್ದಲ್ಲ. ಕಂಪನಿಯವರು ಈ ಮಾದರಿಯನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತು. ಕಾರಿಗೆ ನನ್ನ ಹೆಂಡತಿಗಿಂತ ಹೆಚ್ಚು ವಯಸ್ಸು.

ನನಗೆ ದುಃಖವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ನನ್ನದು ಪುಸ್ತಕಗಳ ಕರಡು ತಿದ್ದುವ ಕೆಲಸ. ಮನೆಯಲ್ಲಿ ಎಲ್ಲಿ ಕೂತರೂ ಮೆಷಿನ್ನಿನ ಟಕಟಕ. ಒಂದು ಪುಟ ಮುಗಿಸುವಷ್ಟರಲ್ಲಿ ಅಲ್ಪಪ್ರಾಣವೆಲ್ಲ ಮಹಾಪ್ರಾಣವಾಗಿ ಕಾಣುತ್ತದೆ. ಆ ಕಾರು ಹೋದರೆ ಶೆಡ್ಡು ಖಾಲಿ. ಕಿಟಕಿಯಿದೆ, ಬಾಗಿಲಿದೆ, ಮೌನವಿದೆ.

ಮೆಕ್ಯಾನಿಕ್ಕು ಕೈ ತೊಳೆಯಲು ಹೋದಾಗ, ಗೋಡೆಗೂ ಕಪಾಟಿಗೂ ನಡುವಿನ ಜಾಗವನ್ನು ಅಳೆದೆ. ಅತ್ತೆಯವರ ಟೇಪು ಅಲ್ಲೇ ಮೊಳೆಗೆ ನೇತುಹಾಕಿತ್ತು. ಬಡಗಿಗೆ ಹೇಳಿ ಒಂದು ಮೇಜು ಮಾಡಿಸಬೇಕು. ಗುಟ್ಟಾಗಿ.

ಫೆಬ್ರವರಿ ೫, ಬುಧವಾರ

ತರಬೇತಿಗೆಂದು ಬೇರೆ ಊರಿನಲ್ಲಿರುವ ನನ್ನವಳು ಫೋನ್ ಮಾಡಿದಳು. ಕಾರಿನ ವಿಷಯ ಹಾಲಿನವಳಿಂದಲೇ ಮುಟ್ಟಿದೆ. ಹಳೆಯದನ್ನು ಕೊಟ್ಟುಬಿಡುವುದೇ ಒಳ್ಳೆಯದೆಂದು ನಾನು ಮೆಲ್ಲಗೆ ಹೇಳಿದೆ. ಅವಳು, "ಅಮ್ಮನ ಮೊಣಕಾಲು ನೋಡಿದ್ದೀಯಾ?" ಅಂದಳು.

ನೋಡಿದ್ದೇನೆ. ಹಿಂದೆ ಯಾರದೋ ಮನೆಯಲ್ಲಿ ಪರದೆ ಏರಿಸುವಾಗ ಏಣಿಯಿಂದ ಬಿದ್ದ ಮೇಲೆ ಎಡಗಾಲು ಮಡಚುವುದೇ ಇಲ್ಲ. ಎಡಗಾಲಿಗೆ ಕೆಲಸವಿಲ್ಲದ ಗಾಡಿ ಬೇಕೆಂದು ಹುಡುಕಿ ತಂದ ಕಾರು ಇದು. ಕಾರಿನಲ್ಲೇ ಮನೆಮನೆಗೆ ಹೋಗಿ ಕಿಟಕಿ ಅಳೆಯುತ್ತಾರೆ, ಅಲ್ಲೇ ಕೂತು ಹೊಲಿಯುತ್ತಾರೆ, ಅಲ್ಲೇ ಏರಿಸಿ ಬರುತ್ತಾರೆ. ಕಾರು ನಿಂತರೆ ಕೆಲಸವೂ ನಿಂತಿತೆಂದು ಮಗಳಿಗೆ ಹೇಳಿದ್ದಾರಂತೆ. "ಮೆಷಿನ್ ಮುಚ್ಚಿಟ್ಟು ಗೋಡೆ ನೋಡ್ಕೊಂಡು ಕೂತ್ಕೋತೀನಿ" ಅಂದರಂತೆ.

ಮಾರ್ಚ್ ಎರಡನೇ ಶನಿವಾರ ಅವಳು ಬರುತ್ತಾಳೆ. ಅಷ್ಟರೊಳಗೆ ಗೇರ್‌ಬಾಕ್ಸು ಹುಡುಕುವುದಾಗಿ ಒಪ್ಪಿಕೊಂಡೆ. ಹುಡುಕಿದೆ, ಸಿಗಲಿಲ್ಲ ಅಂತ ಹೇಳಲು ಅಡ್ಡಿಯಿಲ್ಲವಲ್ಲ.

ಬಡಗಿಗೆ ಅಳತೆ ಕೊಟ್ಟು ಬಂದೆ.

ಫೆಬ್ರವರಿ ೭, ಶುಕ್ರವಾರ

ಮೆಕ್ಯಾನಿಕ್ಕಿನ ಅಂಗಡಿಗೆ ಹೋಗಿದ್ದೆ. ಕೈಯಿಂದ ಗೇರು ಹಾಕುವ ಬಾಕ್ಸು ಬೇಕಾದಷ್ಟು ಸಿಗುತ್ತವೆ, ಕ್ಲಚ್ಚು ಕೂರಿಸಿದರಾಯಿತು ಅಂದ. ಕ್ಲಚ್ಚು ಎಡಗಾಲಿನದು. ಆಗಲ್ಲ ಅಂದೆ. ಹೊಸ ಕಾರಿನ ಆಟೊಮ್ಯಾಟಿಕ್ ಆದೀತೇ ಎಂದು ಕೇಳಿದೆ. ಅದು ದಪ್ಪ, ಕಾರಿನ ನೆಲದ ನಡುವಿನ ಉಬ್ಬು ಕೊಯ್ದು ಎತ್ತರಿಸಬೇಕು, ಮೇಲಾಗಿ ಅದಕ್ಕೊಂದು ಕಂಪ್ಯೂಟರ್ ಮೆದುಳು ಬೇರೆ ಬೇಕು ಅಂದ.

"ಇದು ಸಂಬಂಧ ನೋಡಿದ ಹಾಗೆ ಅಳಿಯಂದ್ರೇ" ಅಂತ ಶುರುಮಾಡಿದ. ಬೀದಿಯವರೆಲ್ಲ ನನ್ನನ್ನು ಕರೆಯುವುದೇ ಹಾಗೆ. "ಎಂಜಿನ್ನು ಮನೆಯವರು. ಗೇರ್‌ಬಾಕ್ಸು ಮನೆ ಅಳಿಯ. ಹೊಂದ್ಕೋಬೇಕಾದ್ದು ಯಾರು ಹೇಳಿ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ನೋಡಬೇಕಾದ್ದು ಮೂರು. ಎಂಜಿನ್ನಿಗೆ ಅಂಟುವ ಅಗಲವಾದ ಬಾಯಿಗೆ ಇವರು ಗಂಟೆ ಅನ್ನುತ್ತಾರೆ. ಆ ಗಂಟೆಯ ಬೋಲ್ಟಿನ ತೂತುಗಳು ಕೂಡಬೇಕು. ಹಿಂದಿನ ತುದಿ ಬಾಲ. ಬಾಲದ ಶಾಫ್ಟಿನ ಹಲ್ಲು ಕೂಡಬೇಕು. ಗಂಟೆಯಿಂದ ಬಾಲಕ್ಕೆ ಉದ್ದ ಕೂಡಬೇಕು. ಹಲ್ಲನ್ನು ಎಣಿಸಿಕೊಂಡು, ಉದ್ದವನ್ನು ಮನೆಯಲ್ಲೇ ಅಳೆದಿಟ್ಟುಕೊಳ್ಳಿ ಅಂದ.

ಅಳೆದೆ. ಟೇಪನ್ನು ಮತ್ತೆ ಮೊಳೆಗೆ ಹಾಕುವಾಗ ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು. ಏನೂ ಹೇಳಲಿಲ್ಲ. ಬೆಕ್ಕೂ ಅಲ್ಲಿರಲಿಲ್ಲ.

ಫೆಬ್ರವರಿ ೧೧, ಮಂಗಳವಾರ

ಒಂದು ಗುಜರಿ ನೋಡಿ ಬಂದೆ. ಎಲ್ಲ ಸರಿಯೆನಿಸಿದ ಒಂದು ಬಾಕ್ಸು ಸಿಕ್ಕಿತು. ಆದರೆ ಗಂಟೆಯ ತೂತು ಆರೋ ಏಳೋ ನನಗೆ ಮರೆತುಹೋಗಿತ್ತು. ಬರಿಗೈಯಲ್ಲಿ ಬಂದೆ. ಬಸ್ಸಿನಲ್ಲಿ ಬೇಜಾರಾಯಿತು. ಸಿಗದಿದ್ದರೆ ನನಗೇ ಒಳ್ಳೆಯದು, ಆದರೂ ಆಯಿತು. ತೂತಿನ ಎಣಿಕೆ ಮರೆತದ್ದನ್ನು ರಾತ್ರಿ ಊಟದ ಹೊತ್ತಿಗೆ ಹೇಳಿಕೊಂಡೆ.

ಫೆಬ್ರವರಿ ೧೨, ಬುಧವಾರ

ಬೆಳಿಗ್ಗೆ ಊಟದ ಮೇಜಿನ ಮೇಲೆ ಕಂದು ಕಾಗದದ ಒಂದು ಅಚ್ಚು ಇತ್ತು. ಅತ್ತೆಯವರು ಶೆಡ್ಡಿಗೆ ಹೋಗಿ, ನೆಲದ ಮೇಲೆ ಆ ಕಾಲನ್ನು ಚಾಚಿ ಕೂತು, ಗಂಟೆಯ ಬಾಯಿಗೆ ಕಾಗದ ಒತ್ತಿ, ಸೀಮೆಸುಣ್ಣದಲ್ಲಿ ಅಂಚು ಎಳೆದು, ಒಂದೊಂದು ತೂತನ್ನೂ ಕತ್ತರಿಸಿದ್ದರು. ಕುಬುಸದ ಕತ್ತಿನ ಅಚ್ಚಿನಷ್ಟು ನಾಜೂಕು. ಮೇಲೆ ಬರೆದಿತ್ತು: ಮುಂಭಾಗ.

"ಇದನ್ನ ಮಡಿಸಬಾರದು, ಸುತ್ತಿಕೊಂಡು ಹೋಗಬೇಕು" ಅಂತ ಬೆಕ್ಕಿಗೆ ಎರಡು ಸಲ ಹೇಳಿದರು.

ಫೆಬ್ರವರಿ ೧೭, ಸೋಮವಾರ

ಬಡಗಿ ಮೇಜು ತಂದ. ಒಂದಿಂಚು ಉದ್ದ. ಗೋಡೆಗೂ ಕಪಾಟಿಗೂ ನಡುವೆ ಹೇಗೆ ತಿರುಗಿಸಿದರೂ ಇಳಿಯಲಿಲ್ಲ. ಕೊಟ್ಟ ಅಳತೆಗೇ ಮಾಡಿದ್ದೇನೆಂದು ಅವನು, ಕೊಟ್ಟ ಅಳತೆ ಬೇರೆಯೆಂದು ನಾನು. ಅಕ್ಷರ ತಿದ್ದುವವನ ಮುಂದೆ ಅಂಕಿ ತಪ್ಪುತ್ತೀಯಾ ಎಂದು ಗದರಿಸಿಯೂ ಬಿಟ್ಟೆ. ಮುಖ ಊದಿಸಿಕೊಂಡು ಹೋದ. ಅಂಗಳದಲ್ಲಿಡಲಾಗದೆ, ಅವನು ಹೋಗುವ ಮೊದಲೇ ಇಬ್ಬರೂ ಅದನ್ನು ಒಳಗೆ ತಂದು ಹೊಲಿಗೆ ಮೆಷಿನ್ನಿನ ಪಕ್ಕ ಇಟ್ಟಿದ್ದೆವು. ಸದ್ಯಕ್ಕೆ ಅಲ್ಲೇ ಇರಲಿ.

ಅತ್ತೆಯವರು ಮೇಜನ್ನು ನೋಡಿ ಬೆಕ್ಕನ್ನು ಕೇಳಿದರು, "ಯಾರಿಗಂತೆ?" ಗೇರ್‌ಬಾಕ್ಸಿನ ಲೆಕ್ಕ ಬರೆಯೋಕೆ ಅಂದೆ. ಸುಳ್ಳು ಸಲೀಸಾಗಿ ಬಂತು.

ಫೆಬ್ರವರಿ ೨೦, ಗುರುವಾರ

ಸಿಕ್ಕಿತು!

ದೂರದ ಗುಜರಿ. ಅದರ ಯಜಮಾನ ಗುಜರಿಯಜ್ಜ. ಮಾತಿಗೊಮ್ಮೆ ತಲೆ ಕೆರೆದುಕೊಳ್ಳುತ್ತಾನೆ. ನಮ್ಮ ಕಾರಿನ ಎಂಜಿನ್ನನ್ನೇ ಕಂಪನಿಯವರು ಬೇರೆ ಎರಡು ಗಾಡಿಗಳಿಗೂ ಹಾಕಿದ್ದರಂತೆ. ಎರಡರ ಗೇರ್‌ಬಾಕ್ಸೂ ಅವನಲ್ಲಿದ್ದವು. ಅತ್ತೆಯವರ ಅಚ್ಚನ್ನು ಗಂಟೆಯ ಬಾಯಿಗೆ ಇಟ್ಟೆ. ಎರಡಕ್ಕೂ ತೂತಿಗೆ ತೂತು ಕೂತಿತು, ಕೂದಲೆಳೆ ಆಚೀಚೆಯಿಲ್ಲ. ಬಾಲದ ಹಲ್ಲೂ ಸರಿ. ಅಜ್ಜ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಯಾರ ಕೈ ಇದು?" ಎಂದು ಕೇಳಿದ. "ನಮ್ಮತ್ತೆಯವರದು" ಅಂದೆ.

ಉದ್ದದಲ್ಲಿ ಮಾತ್ರ ಒಂದಿಂಚಿನ ವ್ಯತ್ಯಾಸ. ಅಜ್ಜ ತನ್ನ ಸ್ಟೀಲ್ ಟೇಪಿನಿಂದ ಎರಡನ್ನೂ ಅಳೆದ. ಬ್ರೆಡ್ ಸಾಗಿಸುವ ವ್ಯಾನಿನದು ನನ್ನ ಚೀಟಿಗಿಂತ ಒಂದಿಂಚು ಗಿಡ್ಡ. ಇನ್ನೊಂದು ನನ್ನ ಚೀಟಿಗೆ ಸರಿಯಾಗಿ ಕೂಡಿತು. ನಾನು ಸುಮ್ಮನೆ ಕರಡು ತಿದ್ದುವವನೇ? ಉದ್ದದ್ದನ್ನೇ ಆರಿಸಿದೆ.

ಅದು ಯಾವ ಗಾಡಿಯದೆಂದು ಬಿಲ್ಲು ಕೊಟ್ಟ ಮೇಲೆ ಕೇಳಿದೆ. ಅಜ್ಜ ತಲೆ ಕೆರೆದುಕೊಂಡ. ಹೆಣ ಸಾಗಿಸುವ ಗಾಡಿಯದಂತೆ. "ಒಂದು ದಿನಾನೂ ಓಡಿಸಿಲ್ಲ, ಬರೀ ನಡೆಸಿದ್ದಾರೆ. ಒಳಗೆಲ್ಲ ಹೊಸದರ ಹಾಗಿದೆ" ಅಂದ.

ಅತ್ತೆಗೆ ಹೇಳುವುದು ಬೇಡ.

ಫೆಬ್ರವರಿ ೨೬, ಬುಧವಾರ

ಬಾಕ್ಸು ಟೆಂಪೋದಲ್ಲಿ ಬಂತು. ಅತ್ತೆ ಅದರ ಸುತ್ತ ಎರಡು ಸುತ್ತು ಬಂದರು. ಯಾವ ಗಾಡಿಯದೆಂದು ಬೆಕ್ಕು ಕೇಳಿತು. ಯಾವುದೋ ನಿಧಾನವಾಗಿ ಹೋಗೋ ಗಾಡಿ, ಜವಾಬ್ದಾರಿಯಿಂದ ಇಟ್ಟುಕೊಂಡಿದ್ದರು ಅಂದೆ. ಬಾಲದ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಏನನ್ನೋ ಅತ್ತೆ ಉಗುರಿನಿಂದ ಎಳೆದು ನೋಡಿ, ಸೊಂಟಕ್ಕೆ ಸಿಕ್ಕಿಸಿಕೊಂಡರು. ದಾರವೋ ರಿಬ್ಬನ್ನೋ ಇರಬೇಕು. ಹೊಲಿಯುವವರಿಗೆ ಏನು ಸಿಕ್ಕರೂ ಬೇಕು.

ಶುಕ್ರವಾರದೊಳಗೆ ಒಪ್ಪಿಸಬೇಕಾದ ಕರಡು ಮುಗಿಸಿದೆ. ಮೆಷಿನ್ನಿನ ಪಕ್ಕದ ಮೇಜಿನಲ್ಲೇ ಕೂತಿದ್ದೆ. ಶೆಡ್ಡಿನಿಂದ ಮೆಕ್ಯಾನಿಕ್ಕು ಕೂಗಿದರೆ ಅಲ್ಲಿಂದ ಬೇಗ ಕೇಳಿಸುತ್ತದೆ, ಅದಕ್ಕೆ.

ಮಾರ್ಚ್ ೧, ಶನಿವಾರ

ಕೆಟ್ಟ ದಿನ.

ಗಂಟೆಯ ಬೋಲ್ಟುಗಳೆಲ್ಲ ಬೆಣ್ಣೆಯ ಹಾಗೆ ಇಳಿದವು. ಮೆಕ್ಯಾನಿಕ್ಕು ಹಿಂದಕ್ಕೆ ಜರುಗಿದ. ಆಮೇಲೆ ಸದ್ದಿಲ್ಲ. ಅವನ ಅಯ್ಯಯ್ಯೋಗಿಂತ ಮೌನ ಹೆದರಿಕೆ ಹುಟ್ಟಿಸುತ್ತದೆಂದು ನನಗೆ ಇವತ್ತು ತಿಳಿಯಿತು. ಬಗ್ಗಿ ಕೇಳಿದೆ.

"ಬಾಲ ಕೂರೋ ಅಡ್ಡಪಟ್ಟಿ ಇಲ್ಲಿದೆ ಅಳಿಯಂದ್ರೇ. ಬಾಲದ ತೂತು ಒಂದಿಂಚು ಹಿಂದಿದೆ."

ಅಳತೆ ಸರಿಯಿತ್ತು ಅಂದೆ. ಎರಡು ಸಲ ಅಳೆದಿದ್ದೆ. ಚೀಟಿ ತಂದು ತೋರಿಸಿದೆ. ಟೇಪನ್ನು ಮೊಳೆಯಿಂದ ಎಳೆದು ತಂದು ಹಳೇ ಬಾಕ್ಸನ್ನು ಅವನೆದುರೇ ಮತ್ತೆ ಅಳೆದೆ. ಅದೇ ಅಂಕಿ. ಮೆಕ್ಯಾನಿಕ್ಕು ತನ್ನ ಸ್ಟೀಲ್ ಪಟ್ಟಿ ಹಿಡಿದ. ಒಂದಿಂಚು ಕಡಿಮೆ. ಇಬ್ಬರೂ ಆ ಹಳೇ ಗೇರ್‌ಬಾಕ್ಸನ್ನು, ಅದೇ ಬೆಳೆಯುತ್ತಾ ಕುಗ್ಗುತ್ತಾ ಇದೆಯೇನೋ ಎಂಬಂತೆ ನೋಡುತ್ತಾ ನಿಂತೆವು.

ಅಷ್ಟರಲ್ಲಿ ಅತ್ತೆ ಬಂದರು. ನನ್ನ ಕೈಯಲ್ಲಿದ್ದ ಟೇಪನ್ನು ನೋಡಿದರು, ಚೀಟಿಯನ್ನು ನೋಡಿದರು, ಅಡ್ಡಪಟ್ಟಿಗೆ ಸೇರದ ಬಾಲವನ್ನು ನೋಡಿದರು. ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ಕಾರಿನ ಬಾಗಿಲು ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಹೇಳಿದರು:

"ಆ ಟೇಪಿಗೆ ಮೊದಲನೇ ಇಂಚೇ ಇಲ್ಲ ಕಣೋ. ಪಿಸಿದುಹೋಗಿತ್ತು, ಕತ್ತರಿಸಿ ಹಾಕ್ದೆ. ನಾನು ಅಳೆದು ಒಂದು ಕಳೀತೀನಿ. ನೀನು ಕಳೀಲಿಲ್ವಾ?"

ಟೇಪನ್ನು ಈಗ ಸರಿಯಾಗಿ ನೋಡಿದೆ. ಒಂದರಿಂದಲೇ ಶುರುವಾಗುತ್ತದೆ! ಸೊನ್ನೆಯಿಂದ ಒಂದರವರೆಗೆ ಇರಬೇಕಾದ ತುಂಡು ಇಲ್ಲವೇ ಇಲ್ಲ. ಇಷ್ಟು ದಿನ ಕಣ್ಣೆದುರು ನೇತಾಡುತ್ತಿತ್ತು. ಕಾಮಾ ಬಿಟ್ಟರೆ ಹಿಡಿಯುತ್ತೇನೆ, ಒಂದಿಡೀ ಇಂಚು ಬಿಟ್ಟದ್ದು ಹಿಡಿಯಲಿಲ್ಲ. ಬ್ರೆಡ್ ವ್ಯಾನಿನದೇ ಸರಿಯಾದ ಅಳತೆಯದಾಗಿತ್ತು! ಬಡಗಿಯದೂ ತಪ್ಪಿರಲಿಲ್ಲ! ಇಡೀ ದಿನ ಅದೇ ಯೋಚನೆ. ಬೇರೇನೂ ತಲೆಗೆ ಹೋಗುತ್ತಿಲ್ಲ.

ಮಾರ್ಚ್ ೨, ಭಾನುವಾರ

ಗುಜರಿಯಜ್ಜನಿಗೆ ಫೋನ್ ಮಾಡಿ, ಮನೆಗೆಲ್ಲ ಕೇಳಿಸುವಷ್ಟು ಜೋರಾಗಿ ವಿಚಾರಿಸಿದೆ. ಬ್ರೆಡ್ ವ್ಯಾನಿನದು ಮರುದಿನವೇ ಹೋಯಿತಂತೆ.

ಅತ್ತೆಗೆ ಎಲ್ಲ ಹೇಳಿಬಿಡುವುದೆಂದು ಹೋದೆ. ಮೆಷಿನ್ನಿನ ಮುಂದೆ ಕೂತಿದ್ದರು, ಹೊಲಿಯುತ್ತಿರಲಿಲ್ಲ. ಮೆಷಿನ್ನಿಗೆ ಹೊದಿಕೆ ಹಾಕಿತ್ತು. ಈ ಮನೆಯಲ್ಲಿ ಅಷ್ಟು ಮೌನ ನಾನು ಕೇಳಿರಲೇ ಇಲ್ಲ. ಒಂದಕ್ಷರವನ್ನೂ ಓದಲಾಗದಂಥ ಮೌನ.

"ಅತ್ತೆ, ಅದು ಹೆಣದ ಗಾಡಿದು" ಅಂದೆ.

"ಗೊತ್ತು" ಅಂದರು. ಸೊಂಟದಿಂದ ಒಂದು ತುಂಡು ಕಪ್ಪು ರಿಬ್ಬನ್ ತೆಗೆದು ನನ್ನ ಮೇಜಿನ ಮೇಲಿಟ್ಟರು. "ಹೂವಿನ ಚಕ್ರಕ್ಕೆ ಕಟ್ಟೋದು. ಅಲ್ಲಾ, ಬ್ರೆಡ್ಡಿಂದು ಬಿಟ್ಟು ಹೆಣದ್ದು ತಂದ್ಯಲ್ಲೋ."

ಬೇಡವಾದರೆ ವಾಪಸ್ಸು ಕೊಟ್ಟು ಬರುತ್ತೇನೆ ಅಂದೆ. ಅತ್ತೆ ಯೋಚಿಸಿದರು.

"ಅದರಲ್ಲಿ ಹೋದೋರು ಒಬ್ಬರಾದ್ರೂ ತಿರುಗಿ ಬಂದು ದೂರು ಹೇಳಿದ್ದಾರಾ? ಒಳ್ಳೇದೇ ಇರ್ಬೇಕು. ಉದ್ದ ಆದ್ರೆ ಯಾಕೆ ಅಳ್ತೀಯಾ, ಉದ್ದ ಆದದ್ದನ್ನ ಕತ್ತರಿಸಬಹುದು. ಗಿಡ್ಡ ಆಗಿದ್ರೆ ಅಳಬೇಕಾಗಿತ್ತು."

ಗೇರ್‌ಬಾಕ್ಸನ್ನು ಕತ್ತರಿಸುವಂತಿಲ್ಲ. ಆದರೆ ಅದರ ಬಾಲದಿಂದ ಹಿಂದಿನ ಚಕ್ರಗಳಿಗೆ ಒಂದು ಉದ್ದನೆಯ ಕೊಳವೆ ಶಾಫ್ಟು ಹೋಗುತ್ತದೆ. ಅದನ್ನು ಮೊಟಕು ಮಾಡಬಹುದಲ್ಲ? ಓಡಿಹೋಗಿ ಮೆಕ್ಯಾನಿಕ್ಕನ್ನು ಕೇಳಿದೆ. ಲೇತ್ ಅಂಗಡಿಯಲ್ಲಿ ಕತ್ತರಿಸಿ, ಬೆಸೆದು, ತೂಗಾಡದ ಹಾಗೆ ಸರಿದೂಗಿಸಿ ಕೊಡುತ್ತಾರೆ ಅಂದ. ಅಡ್ಡಪಟ್ಟಿಗೆ ಹೊಸ ತೂತು ತಾನೇ ಕೊರೆಯುತ್ತಾನಂತೆ.

ಮಾರ್ಚ್ ೫, ಬುಧವಾರ

ಲೇತ್ ಅಂಗಡಿ. ಶಾಫ್ಟನ್ನು ನಾನೂ ಅತ್ತೆಯೂ ಆಟೋದಲ್ಲಿ ತೊಡೆಯ ಮೇಲೆ ಅಡ್ಡಡ್ಡ ಇಟ್ಟುಕೊಂಡು ಹೋದೆವು. ಎರಡೂ ಕಡೆ ಹೊರಗೆ ಚಾಚಿತ್ತು. ಎದುರು ಬಂದವರೆಲ್ಲ ಬಾಗಿದರು. ಎಲ್ಲಿ ಕತ್ತರಿಸಬೇಕೆಂದು ಸೀಮೆಸುಣ್ಣದ ಗೆರೆ ಎಳೆದದ್ದು ಅತ್ತೆ. ಲೇತಿನವನಿಗೆ ಟೇಪಿನ ಕತೆ ಮೆಕ್ಯಾನಿಕ್ಕಿನಿಂದ ಮುಟ್ಟಿತ್ತು. "ಇದು ಅತ್ತೆ ಇಂಚೋ, ಊರಿನ ಇಂಚೋ?" ಎಂದು ಕೇಳಿದ. ಅತ್ತೆ ತಮ್ಮ ಟೇಪಿನಲ್ಲಿ ಹತ್ತರಿಂದ ಹನ್ನೊಂದನ್ನು ಹಿಡಿದು ಅವನ ಮೂಗಿನ ಹತ್ತಿರ ತಂದರು. "ತಲೆ ಹೋಗಿರಬಹುದು, ಹೊಟ್ಟೆ ಸರಿಯಾಗಿದೆ" ಅಂದರು.

ಬರುವಾಗ ಬಡಗಿಯ ಅಂಗಡಿಗೆ ಹೋಗಿ ತಪ್ಪೊಪ್ಪಿಕೊಂಡೆ. ಮೇಜನ್ನು ಕತ್ತರಿಸಿ ಶೆಡ್ಡಿಗೆ ಸರಿಮಾಡಿ ಕೊಡಲೇ ಅಂದ. ಬೇಡ, ಶೆಡ್ಡಿನಲ್ಲಿ ಕಾರು ಇರುತ್ತಲ್ಲ ಅಂದೆ.

ಬೆಕ್ಕಿಗೆ ಹುಷಾರಿಲ್ಲವೋ ಏನೋ. ಯಾರೂ ಕೆಲಸ ಹೇಳದವರ ಹಾಗೆ ಇಡೀ ದಿನ ಮಲಗಿರುತ್ತದೆ.

ಮಾರ್ಚ್ ೭, ಶುಕ್ರವಾರ

ಕೂತಿತು. ಕೆಂಪು ಎಣ್ಣೆ ಹೊಯ್ದೆವು. ಅತ್ತೆ ಬಲಗಾಲಿನಿಂದ ಬ್ರೇಕು ಒತ್ತಿ ಗೇರಿನ ಕಡ್ಡಿಯನ್ನು ಹಿಂದಕ್ಕೆಳೆದರು. ನಾನೂ ಮೆಕ್ಯಾನಿಕ್ಕೂ ಗೋಡೆಗೆ ಅಂಟಿ ನಿಂತೆವು. ಕಾರು ಮೆಲ್ಲಗೆ, ಯಾರ ನಿದ್ದೆಯೂ ಕೆಡದ ಹಾಗೆ ಶೆಡ್ಡಿನಿಂದ ಹೊರಗೆ ಬಂತು.

ಮೆಕ್ಯಾನಿಕ್ಕು ಟೋಪಿ ತೆಗೆದ. ಹೆಣದ ಗಾಡಿ ಹೋಗುವಾಗ ತೆಗೆದು ಅಭ್ಯಾಸ ಅಂದ.

ಒಂದೇ ತೊಡಕು. ಬಾಲದೊಳಗಿನ ಪುಟ್ಟ ಹಲ್ಲುಚಕ್ರ ಇನ್ನೂ ಹೆಣದ ಗಾಡಿಯ ಲೆಕ್ಕದಲ್ಲೇ ವೇಗ ಹೇಳುತ್ತಿದೆ. ಕಾರು ನಡಿಗೆಯ ವೇಗದಲ್ಲಿ ಹೋದರೂ ಸ್ಪೀಡೋಮೀಟರಿನ ಮುಳ್ಳು ದೊಡ್ಡ ಅಂಕಿಗೆ ಹಾರಿ ಕೂರುತ್ತದೆ. ಮುಂದಿನ ವಾರ ಬದಲಾಯಿಸುತ್ತಾನಂತೆ.

ಮಾರ್ಚ್ ೯, ಭಾನುವಾರ

ನಿನ್ನೆ ನನ್ನವಳು ಬಂದಳು. ಸಂಜೆ ಅಂಗಳದಲ್ಲಿ ಹಾಲಿನವಳು, ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಎಲ್ಲ ಸೇರಿದರು. ಅತ್ತೆ ಕತೆ ಹೇಳಿದರು. ಮೊದಲನೇ ಇಂಚಿನ ಹತ್ತಿರ ಬಂದಾಗ ನನ್ನನ್ನು ಎದ್ದು ನಿಲ್ಲಿಸಿ, ನಾನು ಟೇಪು ಹಿಡಿದ ಭಂಗಿಯನ್ನೂ ಮಾಡಿಸಿದರು. ಹೆಣದ ಗಾಡಿಯ ಮಾತು ಬರುತ್ತಲೇ ಹಾಲಿನವಳು ಎದೆ ಹಿಡಿದುಕೊಂಡಳು. ಆ ಕಾರನ್ನು ಮುಟ್ಟುವುದೂ ಇಲ್ಲ ಅಂದಳು. ಮೇಷ್ಟ್ರು, "ಅದನ್ನ ಹತ್ತೋಕೆ ನಂಗಿನ್ನೂ ಟೈಮಿದೆ" ಅಂದರು. ನನ್ನವಳು ನಗುತ್ತಲೇ ನನ್ನನ್ನೂ ಅಮ್ಮನನ್ನೂ ತಿರುತಿರುಗಿ ನೋಡುತ್ತಿದ್ದಳು. ಏನು ಅಂದರೆ ಏನಿಲ್ಲ ಅಂದಳು.

ಇವತ್ತು ಬೆಳಿಗ್ಗೆ ಅತ್ತೆ ಸೇತುವೆಯಾಚೆಯ ಮನೆಗೆ ಪರದೆ ಏರಿಸಲು ಹೊರಟರು. ಸುರುಳಿಗಳನ್ನು ಎತ್ತಿಕೊಂಡು ನಾನು ಹೊರಗೆ ಬಂದರೆ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಮೇಷ್ಟ್ರು ಕಾರಿನ ಹಿಂದಿನ ಸೀಟಿನಲ್ಲಿ ಆಗಲೇ ಕೂತಿದ್ದರು. ತಿರುವಿನ ಹತ್ತಿರ ಏನೋ ಕೆಲಸವಂತೆ. ಅವರ ಪಕ್ಕ ಹಾಲಿನವಳು, ಖಾಲಿ ಕ್ಯಾನು ಕಾಲಡಿಯಲ್ಲಿ. ಅವಳ ಪಕ್ಕ ನನ್ನವಳು. ಮೂವರ ತೊಡೆಯ ಮೇಲೂ ಅಡ್ಡಲಾಗಿ ಹೊಲಿಗೆ ಮೆಷಿನ್ನು. ಹಿಡಿಕೆ ಮೇಷ್ಟ್ರ ಕಡೆಗಿತ್ತು. ಅದು ತಿರುಗದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದರು.

ಸುರುಳಿಗಳನ್ನು ಡಿಕ್ಕಿಗೆ ಹಾಕಿ ಬಂದು ನೋಡಿದೆ. ಹಿಂದೆ ಜಾಗವಿರಲಿಲ್ಲ. ನಡೆದೇ ಬರೋಣವೆಂದು ಚಪ್ಪಲಿ ಸರಿಮಾಡಿಕೊಂಡೆ.

"ಎಷ್ಟೊತ್ತು ನಿಂತಿರ್ತೀಯೋ, ಕೂತ್ಕೋ" ಅಂದರು ಅತ್ತೆ.

ಮುಂದಿನ ಸೀಟು ಖಾಲಿಯಿತ್ತು. ಕೂತೆ. ಬೆಲ್ಟು ಮೆಷಿನ್ನಿನ ಅಳತೆಗೆ ಬಿಗಿಯಾಗಿತ್ತು, ಸಡಿಲಿಸಿಕೊಂಡೆ. ಕಾರು ಹೊರಟಿತು. ಮುಳ್ಳು ಅರವತ್ತು ತೋರಿಸಿದ್ದೇ ಹಿಂದಿನವರೆಲ್ಲ ಕಣ್ಣು ಮುಚ್ಚಿಕೊಂಡರು. ಸೈಕಲ್ಲೊಂದು ಬೆಲ್ಲು ಹೊಡೆಯುತ್ತಾ ನಮ್ಮನ್ನು ದಾಟಿ ಹೋಯಿತು.